ನಡುಬೀದಿಗೆ ಎರಡನೆಯ ತಾಯಿ

ನಿಂಗಾಜಮ್ಮನ ಮನೆ ಬಿದ್ದಾಗ ಅವಳು ಒಲೆಯ ಮೇಲೆ ಹುರುಳಿ ಬೇಯಲಿಟ್ಟು ನಮ್ಮ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ನಮ್ಮೂರಿನಲ್ಲಿ ಮನೆ ಬೀಳುವಾಗ ಸದ್ದಾಗುವುದಿಲ್ಲ. ಗೋಡೆಯ ಮೇಲಿನ ಜರಿಗಿಡ ಸತ್ತರೆ ಆ ಗೋಡೆ ಮಣ್ಣಾಗುತ್ತದೆ. ನೀರು ಬಿದ್ದ ಬೆಲ್ಲದ ಅಚ್ಚಿನ ಹಾಗೆ ಮೊದಲು ಮೂಲೆಗಳು ಕರಗುತ್ತವೆ, ಆಮೇಲೆ ನಡು ಬಾಗುತ್ತದೆ, ಕಡೆಗೆ ಸೂರು ಮೆತ್ತಗೆ ಬಂದು ಮಣ್ಣಿನ ಮೇಲೆ ಕೂರುತ್ತದೆ. ನಾನು ನೋಡಿ ಅವಳ ಭುಜ ಮುಟ್ಟಿದೆ. ಅವಳು ತಿರುಗಿದಳು. ಬಾಯಿಯಲ್ಲಿದ್ದ ಎಲೆಯನ್ನು ಉಗುಳಲೂ ಆಗದೆ ನುಂಗಲೂ ಆಗದೆ, “ಹುರುಳಿ ಇಟ್ಟಿದ್ದೆ ಕಣಮ್ಮಿ,” ಎಂದಳು. ಸಂಜೆಯೊಳಗೆ ಗಂಡಹೆಂಡತಿ ಗಂಟುಮೂಟೆ ಹೊತ್ತು ಊರ ಕೆಳಗಿನ ಮೆಟ್ಟಿಲು ಇಳಿದು ಹೋದರು. ಆ ಮೆಟ್ಟಿಲು ಇಳಿದವರು ಯಾರೂ ಹಿಂದಕ್ಕೆ ಬಂದದ್ದಿಲ್ಲ.

ನಾನು ಅವಳನ್ನು ಇರು ಎನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ಜರಿ ಸತ್ತ ಮನೆಯವರು ಇನ್ನೊಬ್ಬರ ಸೂರಿನ ಕೆಳಗೆ ಮಲಗಿದರೆ ಆ ಮನೆಯ ಜರಿಯೂ ಬಾಡುತ್ತದೆ. ಅದು ನಿಂಗಾಜಮ್ಮನಿಗೂ ಗೊತ್ತು. ಅದಕ್ಕೇ ಅವಳು ಕೇಳಲಿಲ್ಲ. ಕೇಳದೆ ಹೋದಳಲ್ಲ ಎಂದು ನನಗೆ ಸಮಾಧಾನವೇ ಆಯಿತು. ಆ ಸಮಾಧಾನ ಆದದ್ದಕ್ಕೆ ನಾಚಿಕೆಯೂ ಆಯಿತು.

ನಮ್ಮೂರು ಎರಡು ಬಂಡೆಗುಡ್ಡಗಳ ನಡುವಿನ ಸೀಳಿನಲ್ಲಿದೆ. ಒಂದು ಕಡೆ ಬಿಸಿಲುಬೀದಿ. ಅಲ್ಲಿಯ ಗೋಡೆಗಳನ್ನು ಹಿಡಿದಿರುವುದು ಗಿಡ್ಡನೆಯ, ಒರಟು ಎಲೆಯ ಬಿಸಿಲುಜರಿ. ಇನ್ನೊಂದು ಕಡೆ ನೆರಳುಬೀದಿ. ಅಲ್ಲಿ ಉದ್ದನೆಯ ಎಲೆ ಇಳಿಬಿಟ್ಟುಕೊಂಡಿರುವ ನೆರಳುಜರಿ. ಎರಡರ ನಡುವೆ, ಅರ್ಧ ದಿನ ಬಿಸಿಲು ಅರ್ಧ ದಿನ ನೆರಳು ಬೀಳುವ ಜಾಗದಲ್ಲಿ ನಮ್ಮ ನಡುಬೀದಿ. ಇಲ್ಲಿ ಆ ಜರಿಯೂ ಬದುಕುವುದಿಲ್ಲ, ಈ ಜರಿಯೂ ಬದುಕುವುದಿಲ್ಲ. ಎರಡಕ್ಕೂ ಹುಟ್ಟಿದ ನಡುಜರಿಯೊಂದೇ ಬದುಕುತ್ತದೆ.

ಅದು ಹುಟ್ಟಿದ ಬಗೆಯನ್ನು ನಮ್ಮತ್ತೆ ನನಗೆ ಹೇಳಿದ್ದರು. ಜರಿಗೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿಗೆ ಕಂದು ಧೂಳು ಕಟ್ಟುತ್ತದೆ. ಆ ಧೂಳು ಒದ್ದೆ ಕಲ್ಲಿನ ಮೇಲೆ ಬಿದ್ದರೆ ಉಗುರಿನಷ್ಟು ಹಸಿರು ಚಕ್ಕೆ ಏಳುತ್ತದೆ, ಮಳೆನೀರಿನಲ್ಲಿ ಚಕ್ಕೆಗಳ ನಡುವೆ ಮದುವೆ ಆಗುತ್ತದೆ, ಆಮೇಲೆ ಗಿಡ. ಬಿಸಿಲುಜರಿಗೂ ನೆರಳುಜರಿಗೂ ಮದುವೆಯಾದರೆ ಹುಟ್ಟುವ ಗಿಡ ಹೇಸರಗತ್ತೆಯ ಹಾಗೆ: ದುಡಿಯುತ್ತದೆ, ಹೆರುವುದಿಲ್ಲ. “ಅಪ್ಪ ಒಂದು ಕಾಲಿನ ಎಕ್ಕಡ ಕೊಡ್ತಾನೆ, ಅವ್ವ ಇನ್ನೊಂದು ಕಾಲಿಂದು ಕೊಡ್ತಾಳೆ,” ಎನ್ನುತ್ತಿದ್ದರು ಅತ್ತೆ. “ಅಳತೆ ಒಂದೇ ಆದ್ರೆ ಜೊತೆ ಆಯ್ತದೆ. ಬೇರೆ ಆದ್ರೆ ಜೊತೆ ಎಲ್ಲಿಂದ ಬತ್ತದೆ? ಗಿಡ ಬೆಳೀತದೆ, ಚೆಂದಾಗೇ ಇರ್ತದೆ. ತನ್ನ ಮಕ್ಕಳಿಗೆ ಹಂಚಕ್ಕೆ ಹೋದಾಗ ಜೊತೆ ಸಿಕ್ಕದೆ ಬರೀ ಜೊಳ್ಳು ಉದುರಿಸ್ತದೆ. ಯಾವತ್ತೋ ಒಂದು ಕಾಲಕ್ಕೆ ಒಂದು ಗಿಡ ಹಂಚೋದನ್ನೇ ಮರೆತು, ಇರೋದನ್ನೆಲ್ಲ ಇದ್ದಂಗೇ ಧೂಳಿಗೆ ತುಂಬಿಬುಡ್ತದೆ. ಆ ಧೂಳಲ್ಲಿ ಹುಟ್ಟಿದ್ದಕ್ಕೆ ಅಪ್ಪಂದೂ ಒಂದು ಜೊತೆ, ಅವ್ವಂದೂ ಒಂದು ಜೊತೆ. ಅದು ಹೆರ್ತದೆ. ನಮ್ಮ ಬೀದಿ ಹಂಗೆ ಹುಟ್ಟಿದ್ದು ಕಣೆ.”

ಹಾಗೆ ಮರೆತ ಗಿಡ ಒಂದೇ ಒಂದು. ಅದರ ಒಂದು ಕಣ ಧೂಳು ತನಗೆ ತಾನೇ ಗಂಡಾಗಿ ಹೆಣ್ಣಾಗಿ ಒಂದು ಗಿಡವಾಯಿತು, ಆ ಗಿಡದಿಂದ ಬೀದಿಯ ಗೋಡೆಗಳಷ್ಟೂ ಎದ್ದವು. ಅಚ್ಚಿನಲ್ಲಿ ಒತ್ತಿದ ಹಾಗೆ ಎಲ್ಲವೂ ಒಂದೇ. ಇದು ನಮ್ಮ ಬೀದಿಯವರಿಗೆ ದೊಡ್ಡ ಹೆಮ್ಮೆ. ಒಂದೇ ತಾಯಿಯ ಮಕ್ಕಳು ಎಂದು ಹೇಳಿಕೊಳ್ಳುತ್ತಿದ್ದರು. ಮೊದಲ ಮಳೆ ಕಳೆದ ಮೇಲೆ ತಾಯಿಹಬ್ಬ ಮಾಡುತ್ತಿದ್ದೆವು. ಬೀದಿಯ ಯಜಮಾನ ಮಡಿಯುಟ್ಟು ಮನೆಮನೆಯ ಗೋಡೆ ನೋಡಿ, ಎಲೆ ಒಂದಿಷ್ಟು ಬೇರೆ ಕಂಡ ಸಸಿಯನ್ನೆಲ್ಲ ಕಿತ್ತು ಕುಕ್ಕೆಗೆ ಹಾಕುತ್ತಿದ್ದ. ಅದು ಮುಗಿದ ಮೇಲೇ ಪಾಯಸ. ಈಗಿನ ಯಜಮಾನ ನನ್ನ ಗಂಡ ಪುಟ್ಟಮಾದಪ್ಪ. ಅವರಷ್ಟು ನಿಯತ್ತಿನಿಂದ ಕೀಳುವವರು ಹಿಂದೆ ಯಾರೂ ಇರಲಿಲ್ಲವಂತೆ. ನೆಂಟರ ಮನೆ, ಬೇಡದವರ ಮನೆ ಎಂದು ನೋಡುತ್ತಿರಲಿಲ್ಲ.

ಎಲೆಯ ಅಂಚು ಕಪ್ಪಾಗುವ ಕಾಯಿಲೆ ನಿಂಗಾಜಮ್ಮನ ಗೋಡೆಯಿಂದ ಶುರುವಾಯಿತು. ಕರಿಯಂಚು ಎಂದು ಹೆಸರಿಟ್ಟರು. ಬಿಸಿಲುಬೀದಿಯಲ್ಲಿ ಒಂದು ಮನೆಗೆ ಬಂದರೆ ಪಕ್ಕದ ಮನೆ ಬಿಟ್ಟು ಹೋಗುತ್ತಿತ್ತು. ಅಲ್ಲಿಯ ಗಿಡಗಳು ಒಂದೊಂದು ಒಂದೊಂದು ಥರ, ಒಂದಕ್ಕೆ ತಾಗಿದ್ದು ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಂದು ಗಿಡವನ್ನು ತಿನ್ನಲು ಕಲಿತ ಕಾಯಿಲೆಗೆ ಎಲ್ಲ ಗಿಡವನ್ನೂ ತಿನ್ನಲು ಬಂತು. ನಮ್ಮ ಮನೆಯ ಹಿತ್ತಲ ಗೋಡೆಗೂ ಬಂತು.

ನನಗೆ ನನ್ನ ಬಗ್ಗೆ ಹೆದರಿಕೆ ಇರಲಿಲ್ಲ. ನಮ್ಮ ಮಗಳು ಚೆಲುವಿಗೆ ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಮೂವತ್ತು ದಾಟಿದ ಹೆಂಗಸು. ಬೀದಿಗೆ ತೆರೆದ ಕಿಟಕಿಯ ಪಕ್ಕ ಕೂತು ಹೂಬತ್ತಿ ಹೊಸೆಯುತ್ತಾಳೆ. ಊರಿನ ದೀಪಗಳೆಲ್ಲ ಅವಳ ಬತ್ತಿಯಲ್ಲೇ ಉರಿಯುತ್ತಿದ್ದವು. ಬತ್ತಿ ಕೊಳ್ಳಲು ಬಂದವರು ಕಿಟಕಿಯ ಸರಳು ಹಿಡಿದು ನಿಂತರೆ ಹೋಗುತ್ತಿರಲಿಲ್ಲ. ಯಾರ ಮನೆಯ ಜಗಳ, ಯಾರ ಮನೆಯ ಬಸಿರು, ಎಲ್ಲ ಅವಳಿಗೆ ಮೊದಲು ಗೊತ್ತು. ಆ ಕಿಟಕಿ ಅವಳಿಗೆ ಕಾಲಿದ್ದ ಹಾಗೆ. ಗೋಡೆ ಹೋದರೆ ಅದೂ ಹೋಗುತ್ತದೆ. ಮೆಟ್ಟಿಲ ಕೆಳಗೆ ಏನಿದೆಯೋ, ಅಲ್ಲಿ ಅವಳನ್ನು ಎಲ್ಲಿ ಕೂರಿಸಬೇಕೋ, ಯಾರು ನಿಂತು ಮಾತಾಡಿಸುತ್ತಾರೋ. ನಾನು ಯೋಚಿಸುತ್ತಿದ್ದದ್ದು ಇದೊಂದೇ.

ಊರ ಮೇಲ್ತುದಿಯಲ್ಲಿ ಅಬ್ಬಿಯ ಹತ್ತಿರ ಬಿಸಿಲುಬೀದಿಯೂ ನೆರಳುಬೀದಿಯೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ನಡುವೆ ಒಂದು ಸಂದಿ. ಎರಡು ಕಡೆಯ ಧೂಳೂ ಅಲ್ಲಿ ಬೀಳುತ್ತದೆ, ಅಬ್ಬಿಯ ತುಂತುರು ಯಾವಾಗಲೂ ಇರುತ್ತದೆ. ಅದಕ್ಕೇ ಅಲ್ಲಿಯ ಬಂಡೆಯ ತುಂಬ ಹೇಸರಗತ್ತೆ ಜರಿಗಳು. ಪಾತ್ರೆಗೆ ಕಲಾಯಿ ಹಾಕುವ ಗುರುಸಿದ್ದ ಆ ಸಂದಿಯಲ್ಲಿ ಒಬ್ಬನೇ ಇದ್ದ. ಹಂಚುವುದನ್ನು ಮರೆತ ಗಿಡ ಇನ್ನೊಂದು ಇದ್ದೀತೇ ಎಂದು ನಾನು ದಿನಾ ಅಲ್ಲಿಗೆ ಹೋಗತೊಡಗಿದೆ. ಗಿಡದಿಂದ ಗಿಡಕ್ಕೆ ಹೋಗಿ ಎಲೆಯ ಬೆನ್ನಿನ ಧೂಳನ್ನು ಒದ್ದೆ ಮಾಡಿದ ಹೆಂಚಿನ ಚೂರಿನ ಮೇಲೆ ತಟ್ಟಿ ನೋಡುತ್ತಿದ್ದೆ. ಜೊಳ್ಳಾದರೆ ಸುಟ್ಟ ಹೊಟ್ಟಿನ ಹಾಗೆ ಮುರುಟಿಕೊಂಡು ತೇಲುತ್ತದೆ. ಗಟ್ಟಿ ಇದ್ದರೆ ದುಂಡಗೆ ಕೂರುತ್ತದೆ, ಆಮೇಲೆ ಹಸಿರಾಗುತ್ತದೆ.

“ಏನ್ ತಾಯಕ್ಕ, ದಿನಾ ಬತ್ತೀಯಲ್ಲ, ಗೋಡೆ ನೋಡಕ್ಕೋ ನನ್ನ ನೋಡಕ್ಕೋ?” ಎಂದು ಗುರುಸಿದ್ದ ಒಲೆ ಊದುತ್ತ ಕೇಳಿದ.

“ನಿನ್ನ ನೋಡಕ್ಕೆ ಬರೋ ಹಂಗಿದ್ರೆ ನಿನಗೆ ಯಾವಾಗ್ಲೋ ಮದುವೆ ಆಗಿರ್ತಿತ್ತು ಕಣಪ್ಪ.”

“ಅದೂ ಸರಿಯೇ. ಏನ್ ಸಿಕ್ತು?”

“ಜೊಳ್ಳು.”

“ನಿನ್ನೆ?”

“ಜೊಳ್ಳು ಕಣೋ. ಯಾಕೆ ಹೊಟ್ಟೆ ಉರಿಸ್ತೀಯ.”

ಅವನು ನಗಲಿಲ್ಲ. ನಾನು ಮನೆಗೆ ಹೊರಟಾಗಲೆಲ್ಲ ಅವನೇ ಒಂದೆರಡು ಗಿಡದ ಧೂಳು ತಟ್ಟಿ ನೋಡುತ್ತಿದ್ದನೆಂದು ಆಮೇಲೆ ತಿಳಿಯಿತು. ಎಷ್ಟು ಗಿಡ ನೋಡಿದೆವೋ. ಎಲ್ಲವೂ ಹಚ್ಚಗೆ, ಸೊಂಪಾಗಿ, ಮದುಮಗಳ ಹಾಗೆ ನಿಂತಿರುತ್ತಿದ್ದವು, ಮುಟ್ಟಿದರೆ ಬರೀ ಹೊಟ್ಟು. ನಮ್ಮ ಬೀದಿಯಲ್ಲಿ ಇನ್ನೊಂದು ಮನೆ ಕುಸಿಯಿತು, ಆಮೇಲೆ ಮತ್ತೊಂದು. ಚೆಲುವಿಯ ಕಿಟಕಿಯ ಮುಂದೆ ನಿಲ್ಲುವವರು ಕಡಿಮೆಯಾದರು. “ಅವ್ವ, ಇವತ್ತು ಯಾರೂ ಬಂದಿಲ್ಲ,” ಎನ್ನುತ್ತಿದ್ದಳು, ದೂರಿನ ಹಾಗಲ್ಲ, ಮಳೆ ಬಂದಿಲ್ಲ ಎನ್ನುವ ಹಾಗೆ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಗುರುಸಿದ್ದ ಹೆಂಚಿನ ಚೂರನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಚೂರಿನ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಹಸಿರು. ಅಬ್ಬಿಯ ಹಿಂದಿನ ಬಂಡೆಯ ಬಿರುಕಿನಲ್ಲಿ ಒಂದು ಗಿಡ ಹಂಚುವುದನ್ನು ಮರೆತಿತ್ತು. ಚೆಲುವಿ ಕಿಟಕಿಯಿಂದ ಕೈ ಚಾಚಿ, “ಗುರುಸಿದ್ದಣ್ಣ, ತಗೊಂಡ್ ಬಾ, ನಾನೂ ನೋಡ್ತೀನಿ,” ಎಂದಳು.

ಆ ಮಳೆಗಾಲದಲ್ಲಿ ನಾನೂ ಅವನೂ ಆ ಸಸಿಗಳನ್ನು ಬೀದಿಯ ಉಳಿದ ಗೋಡೆಗಳಿಗೆಲ್ಲ, ಹಳೆಯ ಗಿಡಗಳ ಬುಡದಲ್ಲಿ ಒತ್ತಿದೆವು. ನಮ್ಮೂರಿನ ಜರಿ ಬೇಗ ಬೇರು ಹಿಡಿಯುತ್ತದೆ. ಮಳೆ ಮುಗಿಯುವ ಹೊತ್ತಿಗೆ ಎಲೆ ಬಿಚ್ಚಿಕೊಂಡು ನಿಂತವು. ಕರಿಯಂಚು ಅವುಗಳ ಹತ್ತಿರಕ್ಕೂ ಸುಳಿಯಲಿಲ್ಲ. ಬೀದಿಗೆ ಜೀವ ಬಂತು. ಪುಟ್ಟಮಾದಪ್ಪ ಒಂದೊಂದು ಗೋಡೆಯನ್ನೂ ಅಂಗೈಯಲ್ಲಿ ಸವರಿ ನೋಡುತ್ತಿದ್ದರು. ರಾಗಿಮುದ್ದೆ ನುಂಗುವಾಗ ನನ್ನ ಮುಖ ನೋಡಿ, “ನೀನು ಯಜಮಾನಿಕೆ ಮಾಡ್ಬೇಕಿತ್ತು ಕಣೆ, ನಾನು ಪಾಯಸ ಮಾಡ್ಬೇಕಿತ್ತು,” ಎಂದರು. ನಮ್ಮ ಮದುವೆಯಾದ ಮೇಲೆ ಅವರು ಹೊಗಳಿದ ಮಾತು ಇದೊಂದೇ ಇರಬೇಕು.

ಆದರೆ ನನಗೆ ಒಂದು ಅನುಮಾನ ಇತ್ತು. ಹೊಸ ಗಿಡದ ಎಲೆ ತೆಳು. ಚಳಿಗಾಲದ ಕೊನೆಗೆ ನಮ್ಮ ಸೀಳಿನಲ್ಲಿ ಒಣಗಾಳಿ ಬೀಸುತ್ತದೆ. ತುಟಿ ಒಡೆದು ರಕ್ತ ಬರುವಂಥ ಗಾಳಿ. ಹಳೆಯ ನಡುಜರಿ ಅದನ್ನು ತಲೆತಲಾಂತರದಿಂದ ತಡೆದಿತ್ತು. ಹೊಸದು ಅಬ್ಬಿಯ ತುಂತುರಿನಲ್ಲಿ ಹುಟ್ಟಿದ್ದು, ಗಾಳಿಯ ಗುರುತೇ ಇಲ್ಲದ್ದು. ಇದಕ್ಕೆ ಕರಿಯಂಚು ತಾಗದು, ಅದಕ್ಕೆ ಒಣಗಾಳಿ ತಾಗದು. ಎರಡೂ ಒಂದೇ ಗೋಡೆಯಲ್ಲಿ ಇದ್ದು, ಎರಡರ ಧೂಳೂ ಒಂದೇ ನೀರಿನಲ್ಲಿ ಬಿದ್ದರೆ, ಹುಟ್ಟುವ ಮಕ್ಕಳಲ್ಲಿ ಕೆಲವು ಎರಡನ್ನೂ ತಡೆಯುತ್ತವೆ, ಕೆಲವು ಇನ್ನೇನನ್ನೋ ತಡೆಯುತ್ತವೆ. ಎರಡಕ್ಕೂ ಅದೇ ಅಪ್ಪ, ಅದೇ ಅವ್ವ. ಎಕ್ಕಡದ ಅಳತೆಯೂ ಒಂದೇ. ಜೊಳ್ಳಾಗುವ ಭಯವಿಲ್ಲ. ಇನ್ನೊಂದು ಮಳೆಗಾಲದವರೆಗೆ ಎರಡೂ ಜೊತೆಗಿದ್ದರೆ ಸಾಕಿತ್ತು, ಅಷ್ಟರವರೆಗೆ ಗಾಳಿಗೆ ಹಳೆಯದು ಅಡ್ಡ ನಿಲ್ಲುತ್ತಿತ್ತು.

ಬೀದಿಯವರು ನಮ್ಮ ಜಗುಲಿಯಲ್ಲಿ ಸೇರಿದರು. ಹೊಸ ಗಿಡಕ್ಕೆ ಧೂಳು ಕಟ್ಟುವ ಮುಂಚೆ ಹಳೆಯದನ್ನೆಲ್ಲ ಕಿತ್ತು ಸುಡಬೇಕೆಂದು ಮಾತು ನಡೆಯಿತು. ನಾನು ಒಳಬಾಗಿಲಲ್ಲಿ ನಿಂತು, ಬೇಡ, ಒಂದು ಮಳೆ ಇರಲಿ ಎಂದು ನನಗೆ ತಿಳಿದದ್ದನ್ನು ಹೇಳಿದೆ.

ಪುಟ್ಟಮಾದಪ್ಪ ತಾಳ್ಮೆಯಿಂದಲೇ ಕೇಳಿದರು. “ಕೊಳೆತ ಹಣ್ಣಿನ ಪಕ್ಕ ಒಳ್ಳೆ ಹಣ್ಣು ಇಡ್ತೀಯೇನೆ?”

“ಹಣ್ಣಲ್ಲ ಅದು, ಗಿಡ. ಅದರಲ್ಲಿ ಇನ್ನೂ ಸತ್ವ ಅದೆ.”

“ಕಾಯಿಲೆಯೂ ಅದೆ. ಇದಕ್ಕೆ ತಗುಲ್ಕೊಂಡ್ರೆ?”

“ತಗುಲಬೋದು. ತಗುಲದೇನೂ ಇರಬೋದು. ಒಣಗಾಳಿಗೆ ಏನ್ ಮಾಡ್ತೀರಿ?”

“ಗಾಳಿ ಬಂದಾಗ ನೋಡನ,” ಎಂದ ಒಬ್ಬ. ಇನ್ನೊಬ್ಬ ಮುದುಕ ಕೋಲು ಊರಿಕೊಂಡು ಎದ್ದ. “ನೋಡವ್ವ, ಒಂದೇ ತಾಯಿ ಮಕ್ಕಳಾಗಿ ಬಾಳಿದ ಬೀದಿ ಇದು. ಆ ತಾಯಿ ಹೋದ್ಲು. ಈಗ ಇನ್ನೊಬ್ಬ ತಾಯಿ ಸಿಕ್ಕವ್ಳೆ, ನಮ್ಮ ಪುಣ್ಯ. ಎರಡು ತಾಯಿ ಮಕ್ಕಳು ಒಂದೇ ಗೋಡೇಲಿ ಬೆರಕೆಯಾಗಿ ಯಾವ ಎಲೆ ಯಾರ್ದು ಅಂತ ಗೊತ್ತಾಗ್ದಂಗೆ ಬೆಳೆದ್ರೆ, ತಾಯಿಹಬ್ಬದಲ್ಲಿ ನಿನ್ ಗಂಡ ಏನ್ ಕೀಳ್ತಾನೆ, ಏನ್ ಬುಡ್ತಾನೆ?”

“ಏನೂ ಕೀಳದೆ ಪಾಯಸ ಉಣ್ಣಲಿ,” ಎಂದೆ. ಕೆಲವರು ನಕ್ಕರು. ನಕ್ಕವರೂ ಸುಡುವುದಕ್ಕೇ ಕೈಯೆತ್ತಿದರು.

ಬೀದಿಯ ನಡುವೆ ಬೆಂಕಿ ಹಾಕಿದರು. ಹಳೆಯ ಗಿಡಗಳು ಹಸಿಯಾಗಿದ್ದರಿಂದ ಉರಿಯದೆ ಹೊಗೆ ಕಾರಿದವು. ಚೆಲುವಿ ಕಿಟಕಿ ಮುಚ್ಚಿಕೊಳ್ಳಲಿಲ್ಲ, ಕೆಮ್ಮುತ್ತ ನೋಡುತ್ತಿದ್ದಳು. ನಾನು ಅಷ್ಟರೊಳಗೆ ಒಂದು ಕೆಲಸ ಮಾಡಿದ್ದೆ. ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ಒಂದು ಹಳೆಯ ಗಿಡವನ್ನು ಉಳಿಸಿ ಮೇಲೆ ಗೋಣಿತಾಟು ಇಳಿಬಿಟ್ಟಿದ್ದೆ. ಪಕ್ಕದಲ್ಲೇ ಹೊಸದು. ಒಂದು ಮನೆಯಲ್ಲಾದರೂ ಬೆರೆಯಲಿ ಎಂದು. ಚೆಲುವಿಗೆ ಮಾತ್ರ ಹೇಳಿದ್ದೆ. ಅವಳು, “ಬೆರೆತ್ರೆ ಮೊದಲ ಸಸೀನ ನನ್ನ ಕಿಟಕಿ ಕೆಳಗೆ ಹಾಕವ್ವ,” ಎಂದಿದ್ದಳು.

ಹೊಸ ಗಿಡಕ್ಕೆ ಧೂಳು ಕಂದುಬಣ್ಣ ತಿರುಗುತ್ತಿದ್ದ ಹೊತ್ತಿಗೆ ಪುಟ್ಟಮಾದಪ್ಪ ಮುಖ ತೊಳೆಯಲು ಹೋಗಿ ತಂಬಿಗೆಯನ್ನು ತೊಟ್ಟಿಯ ಹಿಂದಕ್ಕೆ ಬೀಳಿಸಿದರು. ಎತ್ತಿಕೊಳ್ಳಲು ಬಗ್ಗಿದವರು ಬಹಳ ಹೊತ್ತು ಮೇಲಕ್ಕೆ ಏಳಲಿಲ್ಲ. ನಾನು ಅಡುಗೆಮನೆಯ ಬಾಗಿಲಿಂದ ನೋಡಿದೆ. ಅವರು ಕೂಗಾಡಲಿಲ್ಲ. ಗೋಣಿತಾಟನ್ನು ಮಡಿಸಿ ಪಕ್ಕಕ್ಕಿಟ್ಟರು.

“ಇದು ಗೊತ್ತಿದ್ದೇ ಇಟ್ಕೊಂಡಿದ್ದೀಯ,” ಎಂದರು.

“ಹೂಂ.”

“ಬೀದಿಯವರ ಗಿಡ ಎಲ್ಲ ನನ್ನ ಕೈಯಾರೆ ಕಿತ್ತಿದ್ದೀನಿ. ಆ ಕೋಲಿನ ಮುದುಕ ಅಳ್ತಾ ಅಳ್ತಾ ಕೊಟ್ಟ. ಈಗ ನನ್ನ ಮನೇಲೇ ಒಂದು ಇಟ್ಕೊಂಡ್ರೆ ನಾನು ಯಾವ ಮುಖ ಹೊತ್ಕೊಂಡು ಆ ಬೀದೀಲಿ ನಡೀಲಿ?”

“ಮುಖ ನೋಡಬ್ಯಾಡಿ. ಚೆಲುವಿ ಮುಖ ನೋಡಿ. ನಿಮಗೆ ಕಾಲು ಹಿಡೀತೀನಿ, ಧೂಳು ಉದುರೋಗಂಟ ಬುಡಿ.”

ಅವರು ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಮಗಳ ಮೇಲೆ ಅವರಿಗೆ ನನಗಿಂತ ಕಡಿಮೆ ಪ್ರೀತಿ ಇರಲಿಲ್ಲ. “ಅವಳಿಗೋಸ್ಕರವೇ ಕಣೆ,” ಎಂದರು. “ಇದರ ಕಾಯಿಲೆ ಅದಕ್ಕೆ ಅಂಟಿ ಈ ಗೋಡೆ ಬಿದ್ರೆ, ಅವಳನ್ನ ನಾನೇ ಬೀದಿಗೆ ಹಾಕ್ದಂಗೆ ಆಯ್ತದೆ.” ಬಗ್ಗಿ ಬುಡಸಮೇತ ಕಿತ್ತರು. ಬೇರಿಗೆ ಅಂಟಿದ ಮಣ್ಣನ್ನು ಕೊಡವಿ, ಅದನ್ನು ತೆಗೆದುಕೊಂಡು ಬೀದಿಗೆ ಹೋಗಿ, ಎಲ್ಲರ ಎದುರಿಗೆ, ಇದು ನನ್ನ ಮನೆಯದು, ತಪ್ಪಾಯಿತು ಎಂದು ಹೇಳಿ ಸುಟ್ಟರು. ಬೀದಿಯವರು ಅವರ ಬೆನ್ನು ತಟ್ಟಿದರಂತೆ. ಚೆಲುವಿ ಆ ದಿನ ಬತ್ತಿ ಹೊಸೆಯಲಿಲ್ಲ.

ಮಾಗಿ ಕಳೆಯಿತು. ಒಣಗಾಳಿ ಬಂತು. ಮೊದಲ ದಿನ ಹೊಸ ಜರಿಯ ತುದಿ ಸುರುಳಿ ಸುತ್ತಿಕೊಂಡಿತು. ನಾವು ಹೆಂಗಸರು ಕೊಡದಲ್ಲಿ ನೀರು ತಂದು ಗೋಡೆಗೆ ಎರಚಿದೆವು. ಗಂಡಸರು ಕಂಬಳಿ, ಚಾಪೆ, ಸೀರೆ, ಸಿಕ್ಕಿದ್ದನ್ನೆಲ್ಲ ಗೋಡೆಗೆ ಹೊದಿಸಿದರು. ಬಿಸಿಲುಬೀದಿಯವರು, ನೆರಳುಬೀದಿಯವರು ತಮ್ಮ ಕಂಬಳಿಗಳನ್ನೂ ತಂದುಕೊಟ್ಟರು. ನೀರು ಎರಚಿದಷ್ಟೂ ಗಾಳಿ ಕುಡಿಯಿತು. ಎಲ್ಲವೂ ಆ ಒಂದೇ ಗಿಡದ ಮಕ್ಕಳು. ಒಂದು ಹೇಗೆ ಬಾಡಿತೋ ಎಲ್ಲವೂ ಹಾಗೇ ಬಾಡಿದವು, ಅದೇ ಎಲೆಯಿಂದ ಶುರುವಾಗಿ, ಅದೇ ಬಣ್ಣಕ್ಕೆ ತಿರುಗಿ. ಕರಿಯಂಚಾದರೂ ಮನೆಯಿಂದ ಮನೆಗೆ ಹೋಗುತ್ತ ಪುರಸೊತ್ತು ಕೊಟ್ಟಿತ್ತು. ಇದು ಕೊಡಲಿಲ್ಲ.

ಬೀದಿಯವರೆಲ್ಲ ಒಟ್ಟಿಗೇ ಹೊರಟರು. ಗುರುಸಿದ್ದ ಬಂದು ಚೆಲುವಿಯನ್ನು ಬೆನ್ನಿಗೆ ಹಾಕಿಕೊಂಡ. ಅವನ ಮನೆ ಗಟ್ಟಿಯಾಗಿಯೇ ಇತ್ತು, ಅವನು ಬರಬೇಕಾಗಿರಲಿಲ್ಲ. “ಮೆಟ್ಟಿಲು ಇಳಿದರೆ ನೀನೂ ಹಿಂದಕ್ಕೆ ಬರಲ್ಲ ಕಣೋ,” ಎಂದೆ. “ನಿಮ್ಮ ಬೀದಿ ಇಲ್ದೆ ಕಲಾಯಿ ಯಾರ ಪಾತ್ರೆಗೆ ಹಾಕ್ಲಿ, ನಡಿ ತಾಯಕ್ಕ,” ಎಂದ.

ಪುಟ್ಟಮಾದಪ್ಪ ಮಗಳ ಪಕ್ಕದಲ್ಲಿ ನಡೆಯುತ್ತಿದ್ದರು. ಕಡೆಗೆ, “ಚೆಲುವಿ, ನಿಮ್ಮವ್ವ ಹೇಳ್ದಂಗೆ ಕೇಳ್ಬೇಕಿತ್ತು,” ಎಂದರು.

“ನೀನು ಮಾಡಿದ್ದು ನಿಯತ್ತಿಂದಲೇ ಅಪ್ಪ,” ಎಂದಳು ಚೆಲುವಿ, ಗುರುಸಿದ್ದನ ಹೆಗಲ ಮೇಲೆ ಗಲ್ಲವಿಟ್ಟು. “ಒಂದಿಷ್ಟು ಕಳ್ಳತನ ಇದ್ದಿದ್ರೆ ಉಳೀತಿದ್ವೇನೋ.”

ಅದು ಬೈಗುಳವೂ ಆಗಿರಲಿಲ್ಲ, ಸಮಾಧಾನವೂ ಆಗಿರಲಿಲ್ಲ. ಅವರು ನಿಂತುಬಿಟ್ಟರು. ಬಾಗಿಲು ಹಾಕಿ ಬರುತ್ತೇನೆ ಎಂದು ಹಿಂದಕ್ಕೆ ಹೋದರು. ಹೋಗಿ ಏನು ಹಾಕುತ್ತಾರೆ ಎಂದು ನಾನು ಕೇಳಲಿಲ್ಲ. ನಾವು ಮೆಟ್ಟಿಲ ತಲೆಯಲ್ಲಿ ಕಾದೆವು. ಅವರು ಬಂದಾಗ ಬಾಗಿಲೇ ಅವರ ಬೆನ್ನ ಮೇಲಿತ್ತು. ಹಿಡಿದು ಎಳೆದಿದ್ದಕ್ಕೆ ಚೌಕಟ್ಟಿನಿಂದ ಬಿಡಿಸಿಕೊಂಡು ಕೈಗೇ ಬಂತಂತೆ, ಹಿಂದೆ ಗೋಡೆ ಕೂತುಕೊಂಡಿತಂತೆ. ಕೆಳಗಿಡಿ ಎಂದರೆ ಇಡಲಿಲ್ಲ. ಅಷ್ಟು ಮೆಟ್ಟಿಲನ್ನೂ ಆ ಹಲಸಿನ ಮರದ ಬಾಗಿಲು ಹೊತ್ತೇ ಇಳಿದರು. ಉಸಿರು ಸಿಳ್ಳೆ ಹಾಕುತ್ತಿತ್ತು.

ಕೆಳಗೆ ಬಯಲು. ಕಣ್ಣು ಹಾಯುವವರೆಗೂ ಬರೀ ಬಯಲು, ಒಂದು ಮರವಿಲ್ಲ, ಕಲ್ಲಿಲ್ಲ. ನಮಗಿಂತ ಮುಂಚೆ ಇಳಿದ ನಿಂಗಾಜಮ್ಮನವರ ಒಲೆಯ ಬೂದಿ ಕೂಡ ಕಾಣಲಿಲ್ಲ. ಪುಟ್ಟಮಾದಪ್ಪ ಬಾಗಿಲನ್ನು ಇಳಿಸಿ ನೆಟ್ಟಗೆ ಹಿಡಿದು, ಒರಗಿಸಲು ಸುತ್ತ ನೋಡಿದರು. ಒರಗಿಸಲು ಏನೂ ಇರಲಿಲ್ಲ. ಬಿಟ್ಟರೆ ಬೀಳುತ್ತದೆಂದು ಹಿಡಿದುಕೊಂಡೇ ನಿಂತರು. ಹೊತ್ತು ಇಳಿಯಿತು, ಅವರು ಕೈ ಬಿಡಲಿಲ್ಲ.

ಕೊನೆಗೆ ನಾನೇ ಹೋಗಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಗಿಲನ್ನು ನೆಲದ ಮೇಲೆ ಅಂಗಾತ ಹಾಕಿದೆ. ಸೆರಗಿನಿಂದ ಅದರ ಮಣ್ಣು ಒರೆಸಿದೆ. ಗುರುಸಿದ್ದ ಚೆಲುವಿಯನ್ನು ಬೆನ್ನಿಂದ ಇಳಿಸಿ ಅದರ ಮೇಲೆ ಮಲಗಿಸಿದ.